ಸೂಜಿ ಯಾವ ಪಕ್ಷದ್ದು? ಮನೆಯೊಳಗಿನ ಲಸಿಕೆ ಜಗಳ ಬಿಡಿಸಿಕೊಳ್ಳುವುದು ಹೇಗೆ

2025ರ ಜುಲೈ 1, ಮಂಗಳವಾರ. ಬೆಳಗ್ಗೆ ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಇದ್ದದ್ದು ಒಂದು ಗಣಪತಿ ಚಿತ್ರ, ನಾಲ್ಕು ಶುಭೋದಯ, ಯಾರದ್ದೋ ಗೃಹಪ್ರವೇಶದ ಕಾರ್ಡು. ಸಂಜೆ ಹೊತ್ತಿಗೆ ಅದೇ ಗ್ರೂಪು ಸಂತೆಯಾಗಿತ್ತು. ಹಾಸನ ಜಿಲ್ಲೆಯಲ್ಲಿ ಒಂದೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತಿದ್ದಾರೆ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಇದಕ್ಕೆ ಕಾರಣ ಇರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಎಕ್ಸ್‌ನಲ್ಲಿ ಬರೆದಿದ್ದರು. ಅಷ್ಟು ಸಾಕಾಯಿತು.

ನಮ್ಮ ಮಾವ ಕಾಂಗ್ರೆಸ್. ದೊಡ್ಡಪ್ಪ ಬಿಜೆಪಿ. ಮಾವ "ನಾನು ಅವತ್ತೇ ಹೇಳಿದ್ದೆ" ಎಂದರು. ಅವತ್ತು ಅವರು ಏನು ಹೇಳಿದ್ದರು ಅಂತ ನನಗೆ ಚೆನ್ನಾಗಿ ನೆನಪಿದೆ. 2021ರ ಮೇ ತಿಂಗಳಲ್ಲಿ ರಾತ್ರಿ ಹನ್ನೆರಡರವರೆಗೆ ಕೋವಿನ್ ಆ್ಯಪ್ ಒತ್ತುತ್ತ ಕೂತು, ಸ್ಲಾಟ್ ಸಿಗದೆ, ಜನರಿಗೆ ಲಸಿಕೆ ಕೊಡೋ ಯೋಗ್ಯತೆ ಇಲ್ಲ ಅಂತ ಕೇಂದ್ರ ಸರ್ಕಾರವನ್ನು ಬೈದಿದ್ದರು. ಅವತ್ತು ಯಾಕೆ ಕೊಟ್ಟಿಲ್ಲ ಅಂತ ಬೈದವರು, ಇವತ್ತು ಯಾಕೆ ಕೊಟ್ಟಿರಿ ಅಂತ ಬೈಯುತ್ತಿದ್ದರು. ಬೈಗುಳದ ವಿಳಾಸ ಮಾತ್ರ ಹಳೆಯದೇ. ಇತ್ತ ದೊಡ್ಡಪ್ಪ ಲಸಿಕೆ ಪರವಾಗಿ ಸಾಲು ಸಾಲು ಮೆಸೇಜು ಹಾಕುತ್ತಿದ್ದರು. ತಮಾಷೆ ಏನು ಗೊತ್ತಾ? ಮಾವನಿಗೆ ಮೂರೂ ಡೋಸ್ ಆಗಿದೆ. ದೊಡ್ಡಪ್ಪ ಮೊದಲನೆಯದಕ್ಕೇ ಎರಡು ದಿನ ಮೈಕೈ ನೋವು ಬಂತು ಅಂತ ಎರಡನೆಯದು ಹಾಕಿಸಿಕೊಳ್ಳದೆ ಕಷಾಯ ಕುಡಿಯುತ್ತ ಕೂತವರು.

ಈ ಗಲಾಟೆಯ ಮಧ್ಯೆ ಅರಸೀಕೆರೆ ಹತ್ತಿರ ಇರುವ ನನ್ನ ತಂಗಿ, ಅಂದರೆ ಚಿಕ್ಕಮ್ಮನ ಮಗಳು, ಒಂದು ಸಾಲು ಹಾಕಿದಳು. "ಗುರುವಾರ ಪಾಪುಗೆ ಒಂಬತ್ತು ತಿಂಗಳ ಇಂಜೆಕ್ಷನ್ ಇದೆ. ಹಾಕಿಸ್ಲಾ ಬೇಡ್ವಾ?"

ಎರಡು ಗಂಟೆ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ, ಮಾವನಿಗೆ ಉತ್ತರ ಟೈಪ್ ಮಾಡುವುದರಲ್ಲಿ ಮುಳುಗಿದ್ದೆ. ಆಮೇಲೆ ನೋಡಿ ನಾಚಿಕೆಯಾಯಿತು. ನಿಮ್ಮ ಮನೆಯಲ್ಲೂ ಒಬ್ಬರು ಮಾವ, ಒಬ್ಬರು ದೊಡ್ಡಪ್ಪ, ಇಬ್ಬರ ಗಲಾಟೆಯಲ್ಲಿ ಕೇಳಿಸದೇ ಹೋಗುವ ಒಬ್ಬಳು ತಂಗಿ ಇದ್ದೇ ಇರುತ್ತಾರೆ. ಅಂಥ ಹೊತ್ತಲ್ಲಿ ಏನು ಮಾಡಬಹುದು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೋಳು ನೋಡಿ, ಬಾಯಿ ಆಮೇಲೆ

ಯಾರಾದರೂ ಲಸಿಕೆ ಬಗ್ಗೆ ಜೋರಾಗಿ ಮಾತಾಡುತ್ತಿದ್ದರೆ ವಾದಕ್ಕೆ ಇಳಿಯುವ ಮುಂಚೆ ಒಂದೇ ಒಂದು ವಿಷಯ ತಿಳಿದುಕೊಳ್ಳಿ: ಇವರು ಹಾಕಿಸಿಕೊಂಡಿದ್ದಾರಾ? ಮಕ್ಕಳು ಮೊಮ್ಮಕ್ಕಳಿಗೆ ಹಾಕಿಸಿದ್ದಾರಾ? ನಮ್ಮ ದೇಶದಲ್ಲಿ ಬಾಯಿಗೂ ತೋಳಿಗೂ ಬಹಳ ಸಲ ಸಂಬಂಧವೇ ಇರುವುದಿಲ್ಲ. ಕೋವಿಡ್ ಹೊತ್ತಲ್ಲಿ ಇಲ್ಲಿ ಒಟ್ಟು 220 ಕೋಟಿ ಡೋಸ್ ಹಾಕಿದ್ದಾರೆ. ಬಿಜೆಪಿ ರಾಜ್ಯ, ಕಾಂಗ್ರೆಸ್ ರಾಜ್ಯ, ಎಡಪಕ್ಷದ ಕೇರಳ, ಎಲ್ಲ ಕಡೆ ಜನ ಸಾಲು ನಿಂತರು. ಟಿವಿಯಲ್ಲಿ ಮಾತ್ರ ಜಗಳ. ಸಾಲಿನಲ್ಲಿ ನಿಂತವರು ಜಗಳ ಆಡಿದ್ದು ಟೋಕನ್ನಿಗೆ.

ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಬಾಯಿಯ ರಾಜಕೀಯ ಸೀದಾ ತೋಳಿಗೆ ಇಳಿಯಿತು. ಓಹಾಯೋ ಮತ್ತು ಫ್ಲಾರಿಡಾ ರಾಜ್ಯಗಳಲ್ಲಿ ಸತ್ತವರ ಲೆಕ್ಕವನ್ನು ಮತದಾರರ ಪಟ್ಟಿಯ ಜೊತೆ ಇಟ್ಟು ನೋಡಿದ ಒಂದು ಅಧ್ಯಯನ 2023ರಲ್ಲಿ ಬಂತು. ಲಸಿಕೆ ಬರುವ ಮುಂಚೆ ಎರಡು ಪಕ್ಷದವರ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ದೊಡ್ಡವರೆಲ್ಲರಿಗೂ ಲಸಿಕೆ ಸಿಗಲು ಶುರುವಾದ ಮೇಲೆ, ಎಂದಿನ ಲೆಕ್ಕಕ್ಕಿಂತ ಹೆಚ್ಚಾಗಿ ಆದ ಸಾವಿನ ಪ್ರಮಾಣ ರಿಪಬ್ಲಿಕನ್ನರಲ್ಲಿ ಡೆಮಾಕ್ರಟರಿಗಿಂತ 43 ಪರ್ಸೆಂಟ್ ಜಾಸ್ತಿ. ಅದೇ ವೈರಸ್ಸು, ಅದೇ ಊರು, ಅದೇ ಆಸ್ಪತ್ರೆ.

ನೋಡಿ, ಆ ಲಸಿಕೆ ತಯಾರಿಗೆ ದುಡ್ಡು ಸುರಿದದ್ದೇ ಟ್ರಂಪ್ ಸರ್ಕಾರ. ಸಾಮಾನ್ಯ ಲೆಕ್ಕದಲ್ಲಿ ಅವರ ಕಡೆಯವರು ಅದನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿತ್ತು. ಆದರೆ 2021ರ ಆಗಸ್ಟಿನಲ್ಲಿ ಅಲಬಾಮಾದ ಸಭೆಯೊಂದರಲ್ಲಿ ಟ್ರಂಪ್ "ಲಸಿಕೆ ತಗೊಳ್ಳಿ" ಎಂದಾಗ ಅವರದ್ದೇ ಜನ ಕೂಗಿ ಬೇಡ ಎಂದರು. ಡಿಸೆಂಬರಿನಲ್ಲಿ ಡಲ್ಲಾಸ್‌ನಲ್ಲಿ, ನಾನು ಬೂಸ್ಟರ್ ಹಾಕಿಸಿಕೊಂಡಿದ್ದೇನೆ ಎಂದಾಗಲೂ ಅದೇ ಕೂಗು. ಬೆಂಕಿ ಹಚ್ಚುವುದು ನಾಯಕರ ಕೈಯಲ್ಲಿ ಇರಬಹುದು, ಆರಿಸುವುದು ಅವರ ಕೈಯಲ್ಲೂ ಇಲ್ಲ.

ಹಾಗಾಗಿ ಎದುರಿಗಿರುವವರ ತೋಳಿಗೆ ಸೂಜಿ ಆಗಿದ್ದರೆ ಆರಾಮಾಗಿರಿ. ಅವರು ಆಡುತ್ತಿರುವುದು ಚುನಾವಣೆ ಮಾತು, ಲಸಿಕೆ ಮಾತಲ್ಲ. ಅಲ್ಲಿ ನೀವು ಅಧ್ಯಯನದ ಲಿಂಕ್ ಹಾಕಿದರೆ ಗೋಡೆಗೆ ನೀರು ಎರಚಿದ ಹಾಗೆ. ಮೊಮ್ಮಗುವಿನ ಪೋಲಿಯೋ ಹನಿ ತಪ್ಪಿಸಿಲ್ಲ ಅಂದರೆ ಮಾವ ಫೋನಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ. ನಿಮ್ಮ ಶಕ್ತಿ ಬೇಕಾಗಿರುವುದು ತೋಳು ಹಿಂದೆ ಎಳೆದುಕೊಂಡವರಿಗೆ. ಅವರು ಗ್ರೂಪಿನಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತಾರೆ.

ಚಿಹ್ನೆ ಬದಲಾಯಿಸಿ ಓದಿ

ಒಂದು ಹೇಳಿಕೆ ರಾಜಕೀಯವೋ, ನಿಜವಾದ ಅನುಮಾನವೋ ಅಂತ ಗೊತ್ತಾಗದಿದ್ದರೆ ಒಂದು ಸುಲಭ ಉಪಾಯ ಇದೆ. ಆ ಹೇಳಿಕೆಯಲ್ಲಿ ಪಕ್ಷದ ಹೆಸರು ಅದಲು ಬದಲು ಮಾಡಿ ಓದಿ. ಆಗಲೂ ಇವರು ಇದನ್ನೇ ಹೇಳುತ್ತಿದ್ದರಾ?

ಉದಾಹರಣೆಗೆ ಉತ್ತರ ಪ್ರದೇಶದ ಸಮಾಜವಾದಿ ಪಕ್ಷದ ನಾಯಕ ಅಖಿಲೇಶ್ ಯಾದವ್. 2021ರ ಜನವರಿ ಮೊದಲ ವಾರ, ಇದು ಬಿಜೆಪಿ ಲಸಿಕೆ, ನಾನು ಹಾಕಿಸಿಕೊಳ್ಳುವುದಿಲ್ಲ ಎಂದರು. ಜೂನ್ 7ಕ್ಕೆ ಅವರ ತಂದೆ ಮುಲಾಯಂ ಸಿಂಗ್ ಹಾಕಿಸಿಕೊಂಡರು. ಅದೇ ದಿನ ಪ್ರಧಾನಿ, ಲಸಿಕೆಯನ್ನು ಕೇಂದ್ರವೇ ಕೊಂಡು ರಾಜ್ಯಗಳಿಗೆ ಉಚಿತವಾಗಿ ಕೊಡುತ್ತದೆ ಎಂದು ಘೋಷಿಸಿದರು. ಮಾರನೇ ದಿನ ಅಖಿಲೇಶ್, ನಾವು ವಿರೋಧಿಸಿದ್ದು ಬಿಜೆಪಿ ಲಸಿಕೆಯನ್ನು, ಭಾರತ ಸರ್ಕಾರದ ಲಸಿಕೆಗೆ ಸ್ವಾಗತ, ನಾವೂ ಹಾಕಿಸಿಕೊಳ್ಳುತ್ತೇವೆ ಎಂದರು. ಬಾಟಲಿ ಅದೇ, ಅದರೊಳಗಿನದ್ದೂ ಅದೇ, ಬದಲಾದದ್ದು ಮೇಲಿನ ಚೀಟಿ.

ಇದು ಒಂದು ಕಡೆಯವರ ಕಾಯಿಲೆ ಅಂದುಕೊಳ್ಳಬೇಡಿ. ಆಡಳಿತ ಪಕ್ಷಕ್ಕೆ ಹತ್ತಿರ ಅಂತಲೇ ಜನ ನೋಡುವ ಬಾಬಾ ರಾಮ್‌ದೇವ್ 2021ರ ಮೇ ತಿಂಗಳಲ್ಲಿ, ಎರಡೂ ಡೋಸ್ ಹಾಕಿಸಿಕೊಂಡ ವೈದ್ಯರೂ ಸತ್ತರಲ್ಲ ಅಂತ ಲೇವಡಿ ಮಾಡಿದರು. ವೈದ್ಯರೆಲ್ಲ ಸಿಡಿದೆದ್ದರು. ಜೂನಿನಲ್ಲಿ ಅವರೇ ನಾನೂ ಲಸಿಕೆ ತಗೊಳ್ಳುತ್ತೇನೆ, ವೈದ್ಯರು ದೇವದೂತರು ಎಂದರು. ನಮ್ಮ ದೊಡ್ಡಪ್ಪನ ಕಷಾಯ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ. ದೇಶದ ಲಸಿಕೆ ಅಂತ ಹೆಮ್ಮೆ ಪಡುತ್ತಲೇ ಲಸಿಕೆಯಿಂದ ದೂರ ಇರುವುದು ಕಷ್ಟವೇನಲ್ಲ.

ಸಮುದ್ರದ ಆಚೆಯೂ ಇದೇ ಕಥೆ. 2020ರ ಅಕ್ಟೋಬರ್ ಚುನಾವಣಾ ಚರ್ಚೆಯಲ್ಲಿ ಡೆಮಾಕ್ರಟ್ ಪಕ್ಷದ ಕಮಲಾ ಹ್ಯಾರಿಸ್, ವೈದ್ಯರು ಹೇಳಿದರೆ ನಾನೇ ಸಾಲಿನಲ್ಲಿ ಮೊದಲು, ಟ್ರಂಪ್ ಹೇಳಿದರೆ ತಗೊಳ್ಳಲ್ಲ ಎಂದರು. ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಲಸಿಕೆ ತಗೊಳ್ಳುತ್ತೇವೆ ಎಂದ ಅಮೆರಿಕನ್ನರು ಆ ವರ್ಷ ಮೇ ತಿಂಗಳಲ್ಲಿ 72 ಪರ್ಸೆಂಟ್, ಸೆಪ್ಟೆಂಬರಿನಲ್ಲಿ 51. ಇಳಿದದ್ದು ಎರಡೂ ಪಕ್ಷದವರಲ್ಲಿ. ಆಮೇಲೆ ಸರ್ಕಾರ ಬದಲಾಯಿತು, ಅನುಮಾನವೂ ಗಂಟುಮೂಟೆ ಕಟ್ಟಿಕೊಂಡು ಆಚೆ ಮನೆಗೆ ಹೋಯಿತು. ಒಂದು ಕಾಲದಲ್ಲಿ ಅಲ್ಲಿ ಮಕ್ಕಳ ಲಸಿಕೆ ಬೇಡ ಎನ್ನುವವರು ಅಂದರೆ ಕ್ಯಾಲಿಫೋರ್ನಿಯಾದ ಸಾವಯವ ತರಕಾರಿ ತಿನ್ನುವ, ಎಡಕ್ಕೆ ವಾಲಿದ ಅಪ್ಪ ಅಮ್ಮಂದಿರು ಎಂದೇ ಜನ ನಗುತ್ತಿದ್ದರು. ಲಸಿಕೆ ಟೀಕೆಗೆ ಹೆಸರಾದ ರಾಬರ್ಟ್ ಕೆನೆಡಿ ಜೂನಿಯರ್ ಡೆಮಾಕ್ರಟ್ ಮನೆತನದವರು. 2025ರಲ್ಲಿ ಅವರು ಟ್ರಂಪ್ ಸರ್ಕಾರದ ಆರೋಗ್ಯ ಸಚಿವರಾಗಿ, ಲಸಿಕೆ ಸಲಹಾ ಸಮಿತಿಯ ಎಲ್ಲ 17 ಸದಸ್ಯರನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದರು. ಅದೇ ವರ್ಷ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿ 762 ಜನಕ್ಕೆ ಬಂತು, ಇಬ್ಬರು ಮಕ್ಕಳು ಸತ್ತರು. ಡಲ್ಲಾಸ್, ಆಸ್ಟಿನ್ ಕಡೆ ಇರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುವ ಮುಂಚೆ, ಊರಿಂದ ಹೋಗುವ ಮುಂಚೆ, ದಡಾರದ ಎರಡೂ ಡೋಸ್ ಆಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಇದಕ್ಕೂ ನೀವು ಯಾರಿಗೆ ವೋಟು ಹಾಕುತ್ತೀರಿ ಎನ್ನುವುದಕ್ಕೂ ಸಂಬಂಧ ಇಲ್ಲ.

ನಮ್ಮ ಪರೀಕ್ಷೆಗೆ ವಾಪಸ್ ಬರೋಣ. ಅದನ್ನು ನಿಮ್ಮ ಮೇಲೂ ಮಾಡಿಕೊಳ್ಳಿ. ನಾನು ಮಾಡಿಕೊಂಡೆ. ಹಾಸನದ ಸುದ್ದಿಯನ್ನು ಬೇರೆ ಪಕ್ಷದ ಮುಖ್ಯಮಂತ್ರಿ ಬರೆದಿದ್ದರೆ ನನಗೆ ಇಷ್ಟೇ ಸಿಟ್ಟು ಬರುತ್ತಿತ್ತಾ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಷ್ಟು ಬರುತ್ತಿರಲಿಲ್ಲ.

ಎಲ್ಲ "ಬೇಡ"ವೂ ಒಂದೇ ಅಲ್ಲ

ಇದು ಸ್ವಲ್ಪ ನಿಧಾನ ಮಾಡಬೇಕಾದ ಜಾಗ. ಲಸಿಕೆ ಬೇಡ ಎನ್ನುವವರೆಲ್ಲ ಪಕ್ಷದ ಮೇಲಿನ ಪ್ರೀತಿಗೋ ದ್ವೇಷಕ್ಕೋ ಹೇಳುತ್ತಾರೆ ಅಂದುಕೊಂಡರೆ ತಪ್ಪು ಬಾಗಿಲು ತಟ್ಟಿದ ಹಾಗೆ. ರಾಜಕೀಯ ಅಂದರೆ ಪಕ್ಷ ಮಾತ್ರ ಅಲ್ಲ. ಸರ್ಕಾರ ನನ್ನನ್ನು ಇಷ್ಟು ದಿನ ಹೇಗೆ ನಡೆಸಿಕೊಂಡಿತು ಎನ್ನುವ ನೆನಪೂ ರಾಜಕೀಯವೇ.

ತುರ್ತು ಪರಿಸ್ಥಿತಿ ನೆನಪಿಸಿಕೊಳ್ಳಿ. 1976ರಿಂದ 77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ನಡೆಯಿತು. ಮೇಷ್ಟ್ರುಗಳಿಗೆ, ಪೊಲೀಸರಿಗೆ ಟಾರ್ಗೆಟ್ ಕೊಟ್ಟು ಜನರನ್ನು ಎಳೆದು ತಂದ ಕಥೆಗಳು ಉತ್ತರ ಭಾರತದಲ್ಲಿ ಮನೆಮನೆಯಲ್ಲಿವೆ. ಇಪ್ಪತ್ತೈದು ಮೂವತ್ತು ವರ್ಷ ಆದ ಮೇಲೆ ಉತ್ತರ ಪ್ರದೇಶದ ಅದೇ ಓಣಿಗಳಲ್ಲಿ ಪೋಲಿಯೋ ಹನಿ ಹಿಡಿದು ಮನೆಗೆ ಬಂದರೆ ಬಾಗಿಲು ಮುಚ್ಚಿಕೊಂಡರು, ಮುಖ್ಯವಾಗಿ ಮುಸ್ಲಿಮರ ಮೊಹಲ್ಲಾಗಳಲ್ಲಿ. ಹನಿ ಹಾಕಿದರೆ ಮಕ್ಕಳಾಗಲ್ಲ ಅನ್ನುವ ಸುದ್ದಿ. ಹೊರಗಿನವರಿಗೆ ಅದು ಮೂಢನಂಬಿಕೆ ಅನಿಸಿತು. ಒಳಗಿನವರ ಪ್ರಶ್ನೆ ನೆಟ್ಟಗೇ ಇತ್ತು: ಕುಡಿಯುವ ನೀರು ಕೊಡದ ಸರ್ಕಾರ, ರಸ್ತೆ ಹಾಕದ ಸರ್ಕಾರ, ಈ ಒಂದು ಹನಿ ಮಾತ್ರ ಮನೆ ಬಾಗಿಲಿಗೆ ಬಂದು ಪುಕ್ಕಟೆ ಕೊಡುತ್ತದಲ್ಲ, ಯಾಕೆ? ಅದಕ್ಕೆ ಉತ್ತರ ಭಾಷಣದಿಂದ ಬರಲಿಲ್ಲ. ಅದೇ ಓಣಿಯ ಹೆಂಗಸರನ್ನು ಕೆಲಸಕ್ಕೆ ತಗೊಂಡರು, ಮಸೀದಿಯ ಮೈಕಿನಲ್ಲಿ ಹೇಳಿಸಿದರು, ಹನಿಯ ಜೊತೆ ಬೇರೆ ಕಾಯಿಲೆಯ ಮಾತೂ ಕೇಳಿಸಿಕೊಂಡರು. 2011ರ ಜನವರಿ 13ರಂದು ಹೌರಾದ ಒಂದು ಮಗುವಿಗೆ ಬಂದದ್ದೇ, ಸಹಜವಾಗಿ ಹರಡುವ ವೈರಸ್ಸಿನಿಂದ ದೇಶದಲ್ಲಿ ಬಂದ ಕೊನೆಯ ಪೋಲಿಯೋ. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಎಂದು ಸರ್ಟಿಫಿಕೇಟು ಬಂತು.

ಪಾಕಿಸ್ತಾನದ್ದು ಇನ್ನೂ ಕೆಟ್ಟ ಕಥೆ. ಬಿನ್ ಲಾಡೆನ್ ಹುಡುಕಲು ಅಮೆರಿಕದ ಸಿಐಎ 2011ರಲ್ಲಿ ಅಬೊಟ್ಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕ ಆಡಿಸಿತು. ಅದು ಹೊರಗೆ ಬಂದ ಮೇಲೆ, ಪೋಲಿಯೋ ಹನಿ ಹಾಕುವ ಬಡಪಾಯಿ ಹೆಂಗಸರನ್ನು ಗೂಢಚಾರರು ಅಂತ ಗುಂಡಿಟ್ಟು ಕೊಂದರು. ಒಂದು ಸುಳ್ಳು ಶಿಬಿರದ ಸಾಲವನ್ನು ಯಾರೋ ತೀರಿಸಿದರು.

ಇಂಥ ಗಾಯ ಇರುವವರ ಹತ್ತಿರ "ನೀವು ಆ ಪಕ್ಷದವರು, ಅದಕ್ಕೇ ಹೀಗೆ" ಎನ್ನಬೇಡಿ. ಅವರಿಗೆ ನಿಮ್ಮ ಪಕ್ಷವೂ ಒಂದೇ, ಅವರ ಪಕ್ಷವೂ ಒಂದೇ. ನಮ್ಮಲ್ಲೇ ನೋಡಿ, 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಅಭಿಯಾನ ಶುರುವಾದದ್ದು ಕರ್ನಾಟಕ, ತಮಿಳುನಾಡು, ಗೋವಾ ಕಡೆಯಿಂದ. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೆ. ಕೇಂದ್ರದಲ್ಲಿ ಬಿಜೆಪಿ, ಇಲ್ಲಿ ಕಾಂಗ್ರೆಸ್, ಇಬ್ಬರೂ ಸೇರಿ ನಡೆಸಿದ ಕೆಲಸ. ಆದರೂ ವಾಟ್ಸಾಪಿನಲ್ಲಿ ಮಕ್ಕಳಾಗದ ಇಂಜೆಕ್ಷನ್ ಅಂತ ಆಡಿಯೋ ಹರಿದಾಡಿತು. ಅಲ್ಲಿ ಪಕ್ಷ ಎಲ್ಲಿಂದ ಬಂತು?

ಇನ್ನು ಮೂರನೇ ಥರದವರು. ನಿಜವಾದ ಪ್ರಶ್ನೆ ಇರುವವರು. ಇವರನ್ನು ಬಾಯಿ ಮುಚ್ಚಿಸಿದರೆ ನಷ್ಟ ನಮಗೇ. 1955ರಲ್ಲಿ ರಾಜಾಜಿ, ಅಷ್ಟು ದೊಡ್ಡ ಕಾಂಗ್ರೆಸ್ಸಿಗರು, ನೆಹರೂ ಸರ್ಕಾರ ಟಿಬಿ ತಡೆಯಲು ಕೊಡುತ್ತಿದ್ದ ಬಿಸಿಜಿ ಲಸಿಕೆಗೆ ಬಹಿರಂಗವಾಗಿ ಬೇಡ ಎಂದರು. ಅವರ ವಾದದಲ್ಲಿ ಅತಿ ಎನಿಸುವುದೂ ಇತ್ತು. ಆದರೆ ಈ ಲಸಿಕೆ ಇಲ್ಲಿಯ ಜನಕ್ಕೆ ಎಷ್ಟು ಕೆಲಸ ಮಾಡುತ್ತದೆ ಎನ್ನುವ ಪ್ರಶ್ನೆ ಪೊಳ್ಳಾಗಿರಲಿಲ್ಲ. 1968ರಲ್ಲಿ ಮದರಾಸಿನ ಪಕ್ಕದ ಚೆಂಗಲ್‌ಪಟ್ಟಿನಲ್ಲಿ ದೊಡ್ಡ ಪರೀಕ್ಷೆ ಶುರು ಮಾಡಿದರು. ದೊಡ್ಡವರಿಗೆ ಬರುವ ಶ್ವಾಸಕೋಶದ ಟಿಬಿಯನ್ನು ಬಿಸಿಜಿ ತಡೆಯುತ್ತಿಲ್ಲ ಅಂತ ಅಲ್ಲಿ ಗೊತ್ತಾಯಿತು. ಹಸುಗೂಸುಗಳಿಗೆ ಮಿದುಳಿಗೆ ಏರುವ ಟಿಬಿ ತಡೆಯುತ್ತದೆ, ಅದಕ್ಕೇ ಇವತ್ತಿಗೂ ಹುಟ್ಟಿದ ಮಗುವಿನ ಎಡತೋಳಿಗೆ ಹಾಕುತ್ತಾರೆ.

2021ರ ಜನವರಿ 3ಕ್ಕೆ ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟಾಗ ಮೂರನೇ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಕಾಂಗ್ರೆಸ್ಸಿನ ಶಶಿ ತರೂರ್, ಜೈರಾಮ್ ರಮೇಶ್ ಅದನ್ನು ಕೇಳಿದರು. ಕೇಳಬೇಕಾದ್ದೇ. ಆಮೇಲೆ ಫಲಿತಾಂಶ ಬಂತು, ಲಸಿಕೆ 77.8 ಪರ್ಸೆಂಟ್ ಪರಿಣಾಮಕಾರಿ ಅಂತ, ಅದೇ ವರ್ಷ ನವೆಂಬರಿನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚೂ ಆಯಿತು. ಇಲ್ಲಿ ಗೆರೆ ಎಳೆಯಿರಿ. ಉತ್ತರ ಬಂದ ಮೇಲೆ ಪ್ರಶ್ನೆ ಬದಲಾದರೆ ಅದು ಅನುಮಾನ. ಉತ್ತರ ಬಂದರೂ ಪ್ರಶ್ನೆ ಒಂದಕ್ಷರ ಅಲುಗದಿದ್ದರೆ ಅದು ಪಕ್ಷ. ನೇರವಾಗಿ ಕೇಳಿಬಿಡಬಹುದು: "ಏನು ತೋರಿಸಿದರೆ ನೀವು ಒಪ್ಪುತ್ತೀರಾ, ಹೇಳಿ." ಏನು ತೋರಿಸಿದರೂ ಇಲ್ಲ ಎನ್ನುವವರಿಗೆ ಚಹಾ ಕೊಟ್ಟು ಕಳಿಸಿ.

ಹಾಸನದಂಥ ಸುದ್ದಿ ಬಂದಾಗ ಕೇಳಬೇಕಾದ ಲೆಕ್ಕ

ಲಸಿಕೆ ಆದ ಮೇಲೆ ಸತ್ತರು ಎನ್ನುವುದಕ್ಕೂ ಲಸಿಕೆಯಿಂದ ಸತ್ತರು ಎನ್ನುವುದಕ್ಕೂ ನಡುವೆ ಒಂದು ಹೊಳೆ ಇದೆ. ದೇಶದಲ್ಲಿ ಹೆಚ್ಚುಕಡಿಮೆ ಎಲ್ಲ ದೊಡ್ಡವರಿಗೂ ಸೂಜಿ ಆಗಿರುವಾಗ, ಬಸ್ಸಿನಿಂದ ಬಿದ್ದು ಸತ್ತವರೂ ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ. ಹಾಗಾಗಿ ಸುದ್ದಿ ನೋಡಿದ ಕೂಡಲೇ ಕೇಳಿ: ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟು ಜನ ಸತ್ತಿದ್ದರು? ಹದಿನೇಳು ಹದಿನೆಂಟು ಲಕ್ಷ ಜನ ಇರುವ ಜಿಲ್ಲೆಯಲ್ಲಿ ತಿಂಗಳಿಗೆ ಹೃದಯಾಘಾತದಿಂದ ಸಾಮಾನ್ಯವಾಗಿ ಎಷ್ಟು ಸಾವು? ಪೋಸ್ಟ್‌ಮಾರ್ಟಂ ಆಗಿದೆಯಾ? ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಮನೆಯಲ್ಲಿ ಇನ್ಯಾರಿಗಾದರೂ ಹಾರ್ಟ್ ತೊಂದರೆ? ಇಷ್ಟು ಕೇಳಿದರೆ ಅರ್ಧ ಫಾರ್ವರ್ಡುಗಳು ಅಲ್ಲೇ ನಿಲ್ಲುತ್ತವೆ.

ಇದಕ್ಕೆ ಉತ್ತರವೂ ಇತ್ತು. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2023ರಲ್ಲಿ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿತ್ತು. ಲಸಿಕೆ ಆ ಅಪಾಯ ಹೆಚ್ಚಿಸಿರಲಿಲ್ಲ, ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಜಾಸ್ತಿ ಮಾಡಿದ್ದು ಬೇರೆ: ಕೋವಿಡ್ ಜೋರಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾಯುವ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದದ್ದು, ಮೈಮೀರಿ ವ್ಯಾಯಾಮ ಮಾಡಿದ್ದು. ಜುಲೈ 2ಕ್ಕೆ ಕೇಂದ್ರ ಅದನ್ನೇ ಎತ್ತಿ ಹೇಳಿತು. ಸರಿ, ಅದು ಕೇಂದ್ರದ ಮಾತು, ಮಾವ ನಂಬಲ್ಲ. ಆದರೆ ರಾಜ್ಯವೇ ನೇಮಿಸಿದ, ಜಯದೇವ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಕೂಡ 251 ರೋಗಿಗಳನ್ನು ನೋಡಿ, ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂತ ಅದೇ ತಿಂಗಳು ವರದಿ ಕೊಟ್ಟಿತು. ನಾನು ಮಾವನಿಗೆ ಕಳಿಸಿದ್ದು ಇದನ್ನು ಮಾತ್ರ. ಅವರು ನಂಬುವ ಸರ್ಕಾರದ್ದೇ ಕಾಗದ. ಅಷ್ಟರೊಳಗೆ ಮೈಸೂರು ಜಯದೇವದ ಮುಂದೆ ಎದೆ ಪರೀಕ್ಷೆಗೆ ಸಾವಿರಾರು ಜನ ಬೆಳಗಿನ ಜಾವದಿಂದ ನಿಂತಿದ್ದರು, ಗಾಬರಿ ಬೇಡ ಅಂತ ಆಸ್ಪತ್ರೆಯವರೇ ಕೇಳಿಕೊಳ್ಳಬೇಕಾಯಿತು.

ಒಂದು ಎಚ್ಚರಿಕೆ. ಲಸಿಕೆ ಪರ ವಾದಿಸುವ ಹುಮ್ಮಸ್ಸಿನಲ್ಲಿ "ಸೈಡ್ ಎಫೆಕ್ಟೇ ಇಲ್ಲ" ಎನ್ನಬೇಡಿ. ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ತೊಂದರೆ ಅಪರೂಪಕ್ಕೆ ಆಗುತ್ತದೆ. ನಮ್ಮ ಸರ್ಕಾರವೇ 2021ರ ಮೇ ತಿಂಗಳಲ್ಲಿ, 10 ಲಕ್ಷ ಡೋಸ್‌ಗೆ 0.61ರಂತೆ ಅಂಥ ಪ್ರಕರಣ ಕಂಡಿವೆ ಎಂದಿತ್ತು. ಯಾರೂ ಓದಲಿಲ್ಲ. 2024ರಲ್ಲಿ ಬ್ರಿಟನ್ನಿನ ಕೋರ್ಟಿಗೆ ಆ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಕೊಟ್ಟ ಕಾಗದದಲ್ಲಿ ಅದೇ ವಿಷಯ ಇತ್ತು, ಲೋಕಸಭಾ ಚುನಾವಣೆ ನಡೆಯುತ್ತಿತ್ತು, ಅದು ಹೊಸ ಬಾಂಬ್ ಆಗಿಬಿಟ್ಟಿತು. ಆಗಲೇ ಕೋವಿನ್ ಸರ್ಟಿಫಿಕೇಟಿನಿಂದ ಪ್ರಧಾನಿ ಫೋಟೋ ಕಾಣೆಯಾಯಿತು. ನೋಡಿದಿರಾ, ಹೆದರಿ ತೆಗೆದರು ಎಂದರು ಜನ. ತೆಗೆದದ್ದು ಚುನಾವಣಾ ನೀತಿ ಸಂಹಿತೆಗೆ. ಇಷ್ಟಕ್ಕೂ ಸರ್ಟಿಫಿಕೇಟಿನ ಮೇಲೆ ಮುಖ ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. 2021ರಲ್ಲೇ ಛತ್ತೀಸ್‌ಗಢ, ಜಾರ್ಖಂಡ್, ಬಂಗಾಳದವರು ತಾವೇನು ಕಡಿಮೆ ಅಂತ ತಮ್ಮ ಮುಖ್ಯಮಂತ್ರಿಗಳ ಫೋಟೋ ಅಚ್ಚು ಹಾಕಿಸಿದರು. ಸೂಜಿಗೆ ಮುಖ ಅಂಟಿಸಿದರೆ, ಆ ಮುಖ ಇಷ್ಟವಿಲ್ಲದವರು ಸೂಜಿಯನ್ನೂ ಅದೇ ಕಣ್ಣಲ್ಲಿ ನೋಡುತ್ತಾರೆ, ಅಲ್ವಾ.

ಯಾರು ಹೇಳಬೇಕು

ನೀವಲ್ಲ, ಬಹುಶಃ. ಅವರ ಕಡೆಯವರೇ ಒಬ್ಬರನ್ನು ಹುಡುಕಿ. ದೊಡ್ಡಪ್ಪನಿಗೆ ನಾನು ಎರಡು ವರ್ಷ ಹೇಳಿದೆ, ಆಗಲಿಲ್ಲ. ಅವರ ಜೊತೆ ಬೆಳಗ್ಗೆ ವಾಕಿಂಗ್ ಹೋಗುವ, ಅವರದ್ದೇ ಪಕ್ಷದ ರಿಟೈರ್ಡ್ ಡಾಕ್ಟರ್ ಒಬ್ಬರು "ಸಕ್ಕರೆ ಕಾಯಿಲೆ ಇಟ್ಕೊಂಡು ನ್ಯುಮೋನಿಯಾ ಲಸಿಕೆ ಹಾಕಿಸಿಲ್ವೇನಯ್ಯಾ" ಎಂದದ್ದೇ ತಡ, ಮಾರನೇ ವಾರ ಹಾಕಿಸಿಕೊಂಡು ಬಂದರು.

ಇದು ಹಳೇ ಉಪಾಯ, ನಮ್ಮ ಮೈಸೂರಿನದ್ದೇ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಹೆಂಗಸರ ಚಿತ್ರ ಒಂದಿದೆ. ಅವರು ಒಡೆಯರ ಮನೆಯ ರಾಣಿಯರು, ಬಲಗಡೆಯ ಚಿಕ್ಕ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ಓದುತ್ತಾರೆ. ಟಿಪ್ಪು ಸತ್ತು ಆರೇ ವರ್ಷ. ರಾಜ್ಯ ಒಡೆಯರಿಗೆ ವಾಪಸ್ ಬಂದದ್ದು ಕಂಪನಿ ಸರ್ಕಾರದ ಕೈಯಿಂದ. ಲಸಿಕೆಯೂ ಕಂಪನಿಯದ್ದೇ, ಅದೂ ಹಸುವಿನ ಕಾಯಿಲೆಯಿಂದ ಬಂದದ್ದು. ಅದರಲ್ಲಿ ರಾಜಕೀಯ ಇರಲಿಲ್ಲ ಅಂತ ಹೇಳಲು ಆಗುತ್ತದಾ? ಬೇಕಾದಷ್ಟು ಇತ್ತು. ಆದರೆ ಬಿಳಿಯ ಡಾಕ್ಟರು ಬಂದು ಉಪದೇಶ ಮಾಡುವುದಕ್ಕೂ, ಅರಮನೆಯ ಹೆಣ್ಣುಮಗಳು ತೋಳು ತೋರಿಸುವುದಕ್ಕೂ ಬಹಳ ವ್ಯತ್ಯಾಸ.

ಗ್ರೂಪಿನಲ್ಲಿ ಮಾತ್ರ ಪ್ರಯತ್ನ ಮಾಡಬೇಡಿ. ಇಪ್ಪತ್ತು ಜನರ ಮುಂದೆ ಯಾರೂ ಸೋಲೊಪ್ಪಲ್ಲ. ಫೋನ್ ಮಾಡಿ. ಭಕ್ತ, ಗುಲಾಮ ಅಂತೆಲ್ಲ ಪದ ಬಳಸಿದ ಕ್ಷಣಕ್ಕೆ ಲಸಿಕೆ ಮಾತು ಮುಗಿಯಿತು. ಮೊದಲು ಹತ್ತು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ.

ತಂಗಿಗೆ ನಾನು ಕೊನೆಗೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ. ಹಾಸನದ ಸುದ್ದಿ ಓದಿ ಹೆದರಿದ್ದಾಳೆ ಅಂದುಕೊಂಡು ಐಸಿಎಂಆರ್ ಎಲ್ಲ ತಯಾರು ಮಾಡಿಕೊಂಡಿದ್ದೆ. ಅವಳು ಸಿದ್ದರಾಮಯ್ಯನವರ ಮಾತು ಓದಿಯೇ ಇರಲಿಲ್ಲ. ಮೂರೂವರೆ ತಿಂಗಳಲ್ಲಿ ಇಂಜೆಕ್ಷನ್ ಹಾಕಿಸಿದಾಗ ಪಾಪುಗೆ ರಾತ್ರಿಯಿಡೀ ಜ್ವರ. ಗಂಡ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಅತ್ತೆ ಮಗು ಎತ್ತಿಕೊಂಡು ಅಳುತ್ತ, ನೀನೇ ಚುಚ್ಚಿಸಿಕೊಂಡು ಬಂದೆ ಅಂತ ಬೈದಿದ್ದರು. ಆ ರಾತ್ರಿ ಯಾವ ಡೋಸ್ ಔಷಧಿ ಕೊಡಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಅವಳ ಭಯ ಅಷ್ಟೇ.

ಬುಧವಾರ ಅವರೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, ಇದು ದಡಾರದ್ದು, ಇದರಿಂದ ಜ್ವರ ಬಂದರೆ ಸಾಮಾನ್ಯವಾಗಿ ಅವತ್ತೇ ಬರಲ್ಲ, ವಾರ ಕಳೆದ ಮೇಲೆ ಸ್ವಲ್ಪ ಬರಬಹುದು, ಮೈಮೇಲೆ ಕೆಂಪು ಗುಳ್ಳೆ ಕಂಡರೂ ಎರಡು ಮೂರು ದಿನಕ್ಕೆ ಹೋಗುತ್ತದೆ ಎಂದು ಅತ್ತೆಯ ಪಕ್ಕ ಕೂತು ಹೇಳಿದರು. ಪಾಪುವಿನ ತೂಕ ನೋಡಿ ಎಷ್ಟು ಎಂ.ಎಲ್. ಸಿರಪ್ ಅಂತ ತಾಯಿ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟರು, ತಮ್ಮ ನಂಬರನ್ನೂ. ಉಳಿದದ್ದು ಊರಿಂದ ಮೂರು ಕಿಲೋಮೀಟರ್ ದೂರದ ಪಿಎಚ್‌ಸಿಗೆ ಹೋಗುವುದು. ಮಳೆ ಬೇರೆ.

ಗುರುವಾರ ಮಧ್ಯಾಹ್ನ ಗ್ರೂಪಿಗೆ ತಾಯಿ ಕಾರ್ಡಿನ ಫೋಟೋ ಬಂತು, ಒಂಬತ್ತು ತಿಂಗಳ ಸಾಲಿನಲ್ಲಿ ಹೊಸ ತಾರೀಖು. ದೊಡ್ಡಪ್ಪ ಕೈ ಮುಗಿಯುವ ಚಿತ್ರ ಹಾಕಿದರು. ಪಾಪು ಅಳ್ತಾ ಅಂತ ಚಿಕ್ಕಮ್ಮ ಕೇಳಿದ್ದಕ್ಕೆ, "ಒಂದ್ನಿಮಿಷ ಅಷ್ಟೇ, ಆಮೇಲೆ ಸ್ಕೂಟರ್ ಹಾರ್ನ್ ಒತ್ತುತ್ತಾ ಕೂತಿದ್ಲು" ಅಂತ ಉತ್ತರ ಬಂದದ್ದು ಮಾವನ ನಂಬರಿನಿಂದ.